ಕರ್ನಾಟಕದಲ್ಲಿ ವಸಂತಕಾಲದ ಪಕ್ಷಿವೀಕ್ಷಣೆ

ಫೆಬ್ರವರಿಯ ಕೊನೆಯಿಂದ ಮುಂಗಾರು ಹಿಡಿಯುವವರೆಗೆ, ಅಂದರೆ ಸುಮಾರಾಗಿ ಜೂನ್ ಮೊದಲ ವಾರದವರೆಗೆ, ರಾಜ್ಯದ ಕಾಡು, ಕುರುಚಲು, ಗುಂಡುತೋಪು, ದೇವರಕಾಡು ಮತ್ತು ರಕ್ಷಿತ ಅರಣ್ಯಗಳಲ್ಲಿ ಹಕ್ಕಿಗಳನ್ನು ನೋಡುವ, ಅವುಗಳ ಕೂಗನ್ನು ಆಲಿಸುವ ಹಾಗೂ ಕಂಡದ್ದನ್ನು ದಾಖಲಿಸುವ ಹವ್ಯಾಸವನ್ನು ಕರ್ನಾಟಕದಲ್ಲಿ ವಸಂತಕಾಲದ ಪಕ್ಷಿವೀಕ್ಷಣೆ ಎನ್ನಬಹುದು. ಪಂಚಾಂಗದ ಪ್ರಕಾರ ಚೈತ್ರ ಮತ್ತು ವೈಶಾಖ ಮಾಸಗಳು ವಸಂತ ಋತು. ಹವಾಮಾನದ ಲೆಕ್ಕದಲ್ಲಿ ಇದೇ ಅವಧಿಯನ್ನು ಬೇಸಿಗೆ ಎನ್ನುತ್ತಾರೆ. ಚಳಿಗಾಲವನ್ನು ಇಲ್ಲಿ ಕಳೆದ ವಲಸೆ ಹಕ್ಕಿಗಳು ಉತ್ತರಕ್ಕೆ ಹಿಂದಿರುಗುವುದೂ ಇಲ್ಲಿಯೇ ನೆಲೆಸಿರುವ ಹಕ್ಕಿಗಳು ಜೋಡಿ ಕಟ್ಟಿ ಗೂಡು ಹೂಡುವುದೂ ಈ ಕೆಲವೇ ವಾರಗಳಲ್ಲಿ ಒಟ್ಟಿಗೆ ನಡೆಯುತ್ತವೆ. ಬರುವವು, ಹೋಗುವವು, ಇರುವವು ಮೂರನ್ನೂ ಒಂದೇ ತೋಪಿನಲ್ಲಿ ಕಾಣಬಹುದಾದ ಕಾಲ ವರ್ಷದಲ್ಲಿ ಬೇರೆ ಇಲ್ಲ.

ಋತು ಮತ್ತು ಕಾಡು

ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ವಸಂತವೆಂದರೆ ಹಿಮ ಕರಗಿ ವಲಸೆ ಹಕ್ಕಿಗಳು ಮರಳಿ ಬರುವ ಕಾಲ. ಆ ದೇಶಗಳಲ್ಲಿ ಬರೆದ ಪಕ್ಷಿವೀಕ್ಷಣೆಯ ಪುಸ್ತಕಗಳು ವಸಂತವನ್ನು ಆಗಮನದ ಋತುವೆಂದು ವರ್ಣಿಸುತ್ತವೆ. ಕರ್ನಾಟಕದಲ್ಲಿ ಇದು ಬಹುಮಟ್ಟಿಗೆ ತಲೆಕೆಳಗು. ಇಲ್ಲಿಗೆ ವಲಸೆ ಹಕ್ಕಿಗಳು ಬರುವುದು ಆಗಸ್ಟ್‌ನಿಂದ ನವೆಂಬರ್‌ವರೆಗೆ. ವಸಂತದಲ್ಲಿ ಅವು ಬೀಳ್ಕೊಳ್ಳುತ್ತವೆ. ಹೊರಗಿನ ಕೈಪಿಡಿಗಳನ್ನು ಹಿಡಿದು ಹೊರಡುವ ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದ ವ್ಯತ್ಯಾಸ ಇದು.

ರಾಜ್ಯದ ಒಳನಾಡಿನ ಕಾಡುಗಳಲ್ಲಿ ಹೆಚ್ಚಿನವು ಎಲೆ ಉದುರುವ ಕಾಡುಗಳು. ಜನವರಿಯಿಂದ ಮಾರ್ಚ್‌ವರೆಗೆ ತೇಗ, ಮತ್ತಿ, ದಿಂಡಿಗ, ಬೂರುಗ ಮೊದಲಾದ ಮರಗಳು ಎಲೆ ಕಳಚಿ ನಿಲ್ಲುತ್ತವೆ. ಮಳೆಗಾಲದಲ್ಲಿ ಹಸಿರಿನ ಮರೆಯಲ್ಲಿ ಕೇವಲ ದನಿಯಾಗಿದ್ದ ಹಕ್ಕಿ ಈಗ ಬರಿಯ ಕೊಂಬೆಯ ಮೇಲೆ ಕಣ್ಣಿಗೆ ಬೀಳುತ್ತದೆ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಬೀಳುವ ಒಂದೆರಡು ಬಿರುಸು ಮಳೆಗೆ, ಕಾಫಿ ಸೀಮೆಯವರು ಹೂಮಳೆ ಎನ್ನುವ ಮಳೆಗೆ, ಮರಗಳು ಚಿಗುರತೊಡಗುತ್ತವೆ. ಎಳೆಯ ಚಿಗುರಿನೊಂದಿಗೆ ಕಂಬಳಿಹುಳುಗಳೂ ಇತರ ಕೀಟಗಳೂ ಹೆಚ್ಚುತ್ತವೆ. ಬಲಿತ ಹಕ್ಕಿ ಹಣ್ಣು ಅಥವಾ ಕಾಳು ತಿನ್ನುವುದಾದರೂ ಅದರ ಮರಿಗೆ ಸಾಮಾನ್ಯವಾಗಿ ಮೃದುವಾದ ಕೀಟವೇ ಆಹಾರ. ಬಿಸಿಲು ಏರಿ ಕೆರೆಗಳು ಬತ್ತುತ್ತಿರುವ ಹೊತ್ತಿನಲ್ಲಿ ಇಷ್ಟೊಂದು ಹಕ್ಕಿಗಳು ಗೂಡು ಕಟ್ಟುವುದು ಮೇಲುನೋಟಕ್ಕೆ ವಿಚಿತ್ರವಾಗಿ ಕಂಡರೂ ಅದಕ್ಕೆ ಚಿಗುರು ಮತ್ತು ಹುಳುಗಳ ಈ ಲೆಕ್ಕವೇ ಮುಖ್ಯ ಕಾರಣ.

ಎಲ್ಲ ಹಕ್ಕಿಗಳೂ ಈ ಲೆಕ್ಕಕ್ಕೆ ಒಳಪಡುವುದಿಲ್ಲ. ಗೀಜಗ ತನ್ನ ನೇಯ್ಗೆಯ ಗೂಡಿಗೆ ಮಳೆಗಾಲದ ಹಸಿ ಹುಲ್ಲನ್ನು ಕಾಯುತ್ತದೆ. ಶಿವಮೊಗ್ಗ ಜಿಲ್ಲೆಯ ಮಂಡಗದ್ದೆ ಮತ್ತು ಗುಡವಿಗಳಲ್ಲಿ ನೀರುಹಕ್ಕಿಗಳ ಸಂತಾನ ಕಾಲವೂ ಮಳೆಯೊಂದಿಗೇ ಆರಂಭವಾಗುತ್ತದೆ.

ಹೂಬಿಟ್ಟ ಮರಗಳು

ವಸಂತದಲ್ಲಿ ಹಕ್ಕಿ ನೋಡಲು ಬಯಸುವವರಿಗೆ ಅತಿ ಸುಲಭವಾದ ಮಾರ್ಗವೆಂದರೆ ಹೂಬಿಟ್ಟ ಒಂದು ಮರವನ್ನು ಹುಡುಕಿ ಅದರಿಂದ ತುಸು ದೂರದಲ್ಲಿ ಕುಳಿತುಕೊಳ್ಳುವುದು. ಬೂರುಗ, ಮುತ್ತುಗ ಮತ್ತು ಹಾಲವಾಣ ಮರಗಳು ಎಲೆ ಉದುರಿಸಿದ ಮೇಲೆ ಕೆಂಪು, ಕಿತ್ತಳೆ ಬಣ್ಣದ ದೊಡ್ಡ ಹೂಗಳನ್ನು ಬಿಡುತ್ತವೆ. ಇವುಗಳ ಮಕರಂದಕ್ಕೆ ಸೂರಕ್ಕಿ, ಎಲೆಹಕ್ಕಿ, ಗೊರವಂಕ, ಪಿಕಳಾರ, ಕಾಜಾಣ, ಕಾಗೆ ಎಲ್ಲವೂ ಬರುತ್ತವೆ. ಮೂತಿಗೆ ಪರಾಗ ಬಳಿದುಕೊಂಡು ಮರದಿಂದ ಮರಕ್ಕೆ ಹಾರುವ ಈ ಹಕ್ಕಿಗಳು ಪರಾಗಸ್ಪರ್ಶಕ್ಕೂ ನೆರವಾಗುತ್ತವೆ. ಒಂದು ಬೂರುಗದ ಮರದ ಕೆಳಗೆ ಬೆಳಗಿನ ಒಂದು ಗಂಟೆ ಕಳೆದರೆ ಹತ್ತು ಹನ್ನೆರಡು ಜಾತಿಗಳನ್ನು ಗುರುತಿಸುವುದು ಹೊಸಬರಿಗೂ ಅಸಾಧ್ಯವೇನಲ್ಲ.

ನೇರಳೆ ಸೂರಕ್ಕಿಯ ಗಂಡು ಇದೇ ಸಮಯದಲ್ಲಿ ತನ್ನ ಮಂಕು ಬಣ್ಣವನ್ನು ಬಿಟ್ಟು ಹೊಳೆಯುವ ಕಡುನೀಲಿಗೆ ತಿರುಗುತ್ತದೆ. ಎದೆಯ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿದಿರುವ, ಅರ್ಧ ಬಣ್ಣ ಬದಲಿಸಿದ ಗಂಡುಗಳು ಹೊಸ ವೀಕ್ಷಕರನ್ನು ಬೇರೆಯೇ ಜಾತಿಯೆಂಬ ಭ್ರಮೆಗೆ ಒಳಪಡಿಸುವುದುಂಟು.

ಹೂವಿನ ಸರದಿ ಮುಗಿಯುತ್ತಿದ್ದಂತೆ ಹಣ್ಣಿನ ಸರದಿ. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮರಗಳು ಹಣ್ಣಾದಾಗ ಹಸಿರು ಪಾರಿವಾಳ, ಕುಟ್ರಹಕ್ಕಿ, ಹೊನ್ನಕ್ಕಿ, ಕೋಗಿಲೆ ಮತ್ತು ಕಾಡಿನ ಸೀಮೆಯಲ್ಲಿ ಮಂಗಟ್ಟೆಗಳು ಮುತ್ತಿಕೊಳ್ಳುತ್ತವೆ. ಊರ ಮುಂದಿನ ಕಟ್ಟೆಯ ಅರಳಿಮರವೂ ಈ ದೃಷ್ಟಿಯಿಂದ ಒಂದು ಪಕ್ಷಿಧಾಮವೇ.

ಹಾಡು

ಹಗಲಿನ ಅವಧಿ ಹೆಚ್ಚಾದಂತೆ ಹಕ್ಕಿಗಳ ದೇಹದಲ್ಲಿ ಸಂತಾನಕ್ಕೆ ಸಂಬಂಧಿಸಿದ ಹಾರ್ಮೋನುಗಳು ಏರುತ್ತವೆ ಮತ್ತು ಗಂಡುಗಳು ಹಾಡತೊಡಗುತ್ತವೆ. ಹಾಡಿನ ಉದ್ದೇಶ ಮುಖ್ಯವಾಗಿ ಎರಡು: ಇದು ತನ್ನ ಎಲ್ಲೆಯೆಂದು ಇತರ ಗಂಡುಗಳಿಗೆ ಸಾರುವುದು, ಮತ್ತು ಹೆಣ್ಣನ್ನು ಆಕರ್ಷಿಸುವುದು. ಬೆಳಗಿನ ಜಾವದಲ್ಲಿ ಗಾಳಿ ತಣ್ಣಗೆ ನಿಂತಿರುವುದರಿಂದ ದನಿ ದೂರ ಸಾಗುತ್ತದೆ. ಬೆಳಕು ಕಡಿಮೆಯಿರುವ ಆ ಹೊತ್ತಿನಲ್ಲಿ ಕೀಟಗಳನ್ನು ಹಿಡಿಯುವುದೂ ಕಷ್ಟ. ಕಾಡು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಗಿಜಿಗುಡುವುದಕ್ಕೆ ಇವು ಕಾರಣಗಳೆಂದು ತಿಳಿದವರು ವಿವರಿಸುತ್ತಾರೆ.

ವಸಂತದ ಹಾಡುಗಾರನೆಂದು ಕನ್ನಡ ಸಾಹಿತ್ಯ ಒಪ್ಪಿಕೊಂಡಿರುವುದು ಕೋಗಿಲೆಯನ್ನು. ಹತ್ತನೆಯ ಶತಮಾನದ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿ ನಾಡನ್ನು ನೆನೆಯುವಾಗ ಅಲ್ಲಿನ ಬನಗಳ ಕೋಗಿಲೆಯನ್ನು ಮರೆಯಲಿಲ್ಲ. ಹಾಡುಗಾರ್ತಿಯರನ್ನು ಕೋಗಿಲೆಗೆ ಹೋಲಿಸುವ ರೂಢಿ ಇಂದಿಗೂ ಇದೆ. ಆದರೆ ಇಂಪಾಗಿ, ಏರುತ್ತ ಹೋಗುವ ಸ್ವರದಲ್ಲಿ ಕೂಗುವುದು ಕೆಂಪು ಕಣ್ಣಿನ ಕಪ್ಪು ಗಂಡು. ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳುಳ್ಳ ಹೆಣ್ಣಿನ ದನಿ ‘ಕಿಕ್ ಕಿಕ್ ಕಿಕ್’ ಎಂಬ ಅವಸರದ ಕೂಗಷ್ಟೇ. ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಸಾಕುವ ಹೊಣೆಯನ್ನು ಅದಕ್ಕೆ ಬಿಡುತ್ತದೆ. ಹೀಗಾಗಿ ಕೋಗಿಲೆ ಕೂಗುವ ಕಾಲವೂ ಕಾಗೆ ಗೂಡು ಕಟ್ಟುವ ಕಾಲವೂ ಒಂದಕ್ಕೊಂದು ಹೊಂದಿಕೊಂಡಿವೆ. ಕಾಗೆಗಳು ಗಂಡು ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಏಪ್ರಿಲ್, ಮೇ ತಿಂಗಳ ಪೇಟೆಗಳಲ್ಲಿಯೂ ಸಾಮಾನ್ಯ.

ಕೋಗಿಲೆಯ ಕೀರ್ತಿಯ ನೆರಳಿನಲ್ಲಿ ಉಳಿದ ಹಾಡುಗಾರರು ಮರೆಯಾಗಿರುವುದು ನ್ಯಾಯವಲ್ಲ. ಮಡಿವಾಳ ಹಕ್ಕಿ ಚಳಿಗಾಲದಲ್ಲಿ ಬಹುಪಾಲು ಮೌನವಾಗಿದ್ದು ಮಾರ್ಚ್ ಹೊತ್ತಿಗೆ ಮರದ ತುದಿಯನ್ನೇರಿ ಹಾಡಲಾರಂಭಿಸುತ್ತದೆ. ಸ್ವರದ ವೈವಿಧ್ಯದಲ್ಲಿ ಅದು ಕೋಗಿಲೆಗಿಂತ ಒಂದು ಕೈ ಮೇಲೆಂದೇ ಹೇಳಬೇಕು. ಕಂಚುಕುಟಿಗ ಹಕ್ಕಿ ಸುಡುಬಿಸಿಲಿನಲ್ಲಿಯೂ ‘ಟುಕ್ ಟುಕ್ ಟುಕ್’ ಎಂದು ಒಂದೇ ಲಯದಲ್ಲಿ ಕೂಗುತ್ತಲೇ ಇರುತ್ತದೆ. ಕೂಗುವಾಗ ಅದು ಕೊಕ್ಕನ್ನು ತೆರೆಯುವುದೇ ಇಲ್ಲ, ಗಂಟಲಿನ ಚರ್ಮ ಮಾತ್ರ ಉಬ್ಬಿ ಇಳಿಯುತ್ತದೆ. ಮಲೆನಾಡು ಮತ್ತು ಬೆಂಗಳೂರಿನ ತೋಟಗಳಲ್ಲಿ ‘ಕುಟ್ರೂ ಕುಟ್ರೂ’ ಎನ್ನುವ ಕುಟ್ರಹಕ್ಕಿಯು ತನ್ನ ಕೂಗಿನಿಂದಲೇ ಹೆಸರು ಪಡೆದಿದೆ. ಪೊದೆಯೊಳಗಿನಿಂದ ‘ಊಪ್ ಊಪ್’ ಎಂದು ಗಂಭೀರವಾಗಿ ಕೇಳಿಸುವುದು ಕೆಂಬೂತ. ನವಿಲನ್ನು ನೋಡಿ ಪುಕ್ಕ ಕೆದರಿತೆಂದು ಗಾದೆಯಲ್ಲಿ ಹಾಸ್ಯಕ್ಕೆ ಗುರಿಯಾದ ಈ ಹಕ್ಕಿಯನ್ನು ಗಾದೆ ಬಲ್ಲ ಎಷ್ಟೋ ಮಂದಿ ಕಣ್ಣಾರೆ ಕಂಡಿಲ್ಲ. ವಾಸ್ತವದಲ್ಲಿ ಅದು ಊರಂಚಿನ ಪ್ರತಿ ಬೇಲಿಯಲ್ಲಿಯೂ ಇದೆ.

ಗೂಡುಗಳು

ಗೂಡು ಕಟ್ಟುವ ಬಗೆಗಳಲ್ಲಿ ಕಾಡಿನ ಆರೋಗ್ಯಕ್ಕೆ ಹೆಚ್ಚು ಸಂಬಂಧವಿರುವುದು ಪೊಟರೆಯ ಗೂಡುಗಳಿಗೆ. ಮರಕುಟಿಗ ಮತ್ತು ಕುಟ್ರಹಕ್ಕಿಗಳು ಒಣಗಿದ ಅಥವಾ ಮೆತ್ತಗಾದ ಕೊಂಬೆಯನ್ನು ಕೊರೆದು ಗೂಡು ಮಾಡುತ್ತವೆ. ಅವು ಬಿಟ್ಟುಹೋದ ಪೊಟರೆಗಳಲ್ಲಿ ಮುಂದೆ ಗೊರವಂಕ, ಗಿಳಿ, ಮಡಿವಾಳ ಹಕ್ಕಿಗಳು ವಾಸಿಸುತ್ತವೆ. ಮಳೆಗಾಲ ಬರುವ ಮುನ್ನ ಅಪಾಯಕಾರಿಯೆಂದು ಒಣಕೊಂಬೆಗಳನ್ನು ಕಡಿಯುವ ಕೆಲಸ ನಗರಗಳಲ್ಲಿ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಮರಿಗಳು ಗೂಡಿನಲ್ಲಿರುವುದೂ ಆಗಲೇ. ರಸ್ತೆಯ ಮೇಲೆ ಬಾಗಿದ ಕೊಂಬೆಯನ್ನು ಕಡಿಯಲೇಬೇಕಾಗಬಹುದು. ಆದರೆ ಉದ್ಯಾನದ ನಡುವೆ ಯಾರಿಗೂ ತೊಂದರೆಯಿಲ್ಲದೆ ನಿಂತ ಒಣಮರವನ್ನೂ ಸ್ವಚ್ಛತೆಯ ಹೆಸರಿನಲ್ಲಿ ಉರುಳಿಸುವುದಕ್ಕೆ ಸಮರ್ಥನೆ ಕಷ್ಟ.

ಮಂಗಟ್ಟೆಗಳ ಗೂಡು ಇನ್ನೂ ವಿಶಿಷ್ಟವಾದದ್ದು. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ತನ್ನ ಹಿಕ್ಕೆ ಮೊದಲಾದವುಗಳಿಂದ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗಿರುವಾಗ ಅದರ ಹಾರುಗರಿಗಳೂ ಉದುರಿ ಹೊಸದಾಗಿ ಬೆಳೆಯುತ್ತವೆ. ಅಲ್ಲಿಯವರೆಗೆ ತಾಯಿಗೂ ಮರಿಗೂ ಹಣ್ಣು ತಂದು ಉಣಿಸುವ ಹೊಣೆ ಗಂಡಿನದು. ಆ ಗಂಡು ಬೇಟೆಗೆ ಬಲಿಯಾದರೆ ಒಳಗಿನ ಜೀವಗಳೂ ಉಳಿಯುವುದು ದುರ್ಲಭ. ದಾಂಡೇಲಿ ಪ್ರದೇಶದಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿದ್ದು, ಕಾಳಿ ನದಿಯ ಆಸುಪಾಸಿನ ಕಾಡನ್ನು 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಗೂಡೇ ಇಲ್ಲದೆ ಬರಿ ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದ ಕಥೆ ಬೇರೆ. ಕಲ್ಲುಹರಳಿನ ಬಣ್ಣದ ಮೊಟ್ಟೆಗಳು ಬಯಲಿನಲ್ಲಿ ಕಣ್ಣಿಗೆ ಕಾಣದಷ್ಟು ಬೆರೆತುಹೋಗುತ್ತವೆ. ಬಿಸಿಲು ಹೆಚ್ಚಾದಾಗ ಹಕ್ಕಿಯು ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತ ಅರಚುತ್ತಿದೆಯೆಂದರೆ ಹತ್ತಿರದಲ್ಲಿ ಮೊಟ್ಟೆ ಅಥವಾ ಮರಿಯಿದೆಯೆಂದು ತಿಳಿದು ಹಿಂದೆ ಸರಿಯಬೇಕು.

ಹಿಂದಿರುಗುವ ವಲಸೆ ಹಕ್ಕಿಗಳು

ಹತ್ತು ಗ್ರಾಂ ಕೂಡ ತೂಗದ ಹಸಿರು ಎಲೆ ಉಲಿಯಕ್ಕಿಯು ಚಳಿಗಾಲವಿಡೀ ಕರ್ನಾಟಕದ ತೋಪುಗಳಲ್ಲಿ ತನ್ನದೇ ಆದ ಎಲ್ಲೆಯನ್ನು ಕಾಯ್ದುಕೊಂಡು ‘ಚಿಸ್ಲೀ’ ಎಂದು ಉಲಿಯುತ್ತಿರುತ್ತದೆ. ಏಪ್ರಿಲ್ ಕಳೆಯುವಷ್ಟರಲ್ಲಿ ಆ ದನಿ ನಿಂತುಹೋಗುತ್ತದೆ. ಹಕ್ಕಿ ಹಿಮಾಲಯ ಅಥವಾ ಅದರಾಚೆಯ ಕಾಡುಗಳಿಗೆ ಹೊರಟಿರುತ್ತದೆ. ಕಂದು ಕಳಿಂಗ, ಬೂದು ಕುಂಡೆಕುಸ್ಕ ಮತ್ತು ನೀಲಿ ನೊಣಹಿಡುಕಗಳೂ ಹೆಚ್ಚು ಕಡಿಮೆ ಇದೇ ವೇಳೆಗೆ ಕಾಣೆಯಾಗುತ್ತವೆ. ಹೊರಡುವ ಮುನ್ನ ಇವು ಹೆಚ್ಚು ತಿಂದು ಮೈಯಲ್ಲಿ ಕೊಬ್ಬು ಶೇಖರಿಸಿಕೊಳ್ಳುತ್ತವೆ. ಸಣ್ಣ ಹಕ್ಕಿಗಳಲ್ಲಿ ಹಲವು ರಾತ್ರಿ ಪಯಣಿಸುವುದರಿಂದ ಅವು ಹೊರಟದ್ದನ್ನು ಯಾರೂ ನೋಡುವುದಿಲ್ಲ. ನಿನ್ನೆ ಇದ್ದದ್ದು ಇಂದು ಇಲ್ಲ ಎಂಬುದಷ್ಟೇ ದಾಖಲೆಗೆ ಸಿಗುವ ಸಂಗತಿ. ಈ ಕಾರಣದಿಂದ, ಹಕ್ಕಿಯನ್ನು ಮೊದಲು ಕಂಡ ದಿನಕ್ಕಿಂತ ಕೊನೆಯದಾಗಿ ಕಂಡ ದಿನವನ್ನು ಗುರುತಿಸುವುದು ಕಷ್ಟ. ಅದಕ್ಕೆ ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗುವ ತಾಳ್ಮೆ ಬೇಕು.

ಗುಲಾಬಿ ಕಬ್ಬಕ್ಕಿಗಳು ಮಾತ್ರ ಇದಕ್ಕೆ ವಿರುದ್ಧ. ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿ ಮತ್ತು ಹೂಬಿಟ್ಟ ಮುತ್ತುಗಗಳಲ್ಲಿ ದೊಡ್ಡ ಹಿಂಡುಗಳಾಗಿ ಕಲರವ ಮಾಡುವ ಇವು ಮಾರ್ಚ್ ಹೊತ್ತಿಗೆ ಉಜ್ಜ್ವಲವಾದ ಗುಲಾಬಿ ಮತ್ತು ಕಪ್ಪು ಬಣ್ಣ ತಳೆದು, ಮಧ್ಯ ಏಷ್ಯಾ ಮತ್ತು ಪೂರ್ವ ಯುರೋಪಿನ ಹುಲ್ಲುಗಾವಲುಗಳತ್ತ ಹಾರುತ್ತವೆ.

ನವರಂಗ ಹಕ್ಕಿಯ ಹಾದುಹೋಗುವಿಕೆ ಪಕ್ಷಿವೀಕ್ಷಕರು ಕಾದು ಕುಳಿತುಕೊಳ್ಳುವ ಸಂದರ್ಭ. ಹಸಿರು, ನೀಲಿ, ಕಂದು, ಕೆಂಪು ಬಣ್ಣಗಳ ಈ ಮೋಟುಬಾಲದ ಹಕ್ಕಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಚಳಿಗಾಲ ಕಳೆದು, ಮುಖ್ಯವಾಗಿ ಮಧ್ಯ ಭಾರತ ಮತ್ತು ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಸಂತಾನ ಪಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಉತ್ತರಕ್ಕೆ ಸಾಗುವಾಗ ನೆರಳಿರುವ ಯಾವ ತೋಪಿನಲ್ಲಿಯೂ ಅದು ಒಂದೆರಡು ದಿನ ತಂಗಬಹುದು. ತರಗೆಲೆಗಳನ್ನು ಕೆದಕುತ್ತ ನೆಲದ ಮೇಲೆಯೇ ಓಡಾಡುತ್ತದೆ. ಬೆಳಗು ಮತ್ತು ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳಿನಲ್ಲಿ ಇದನ್ನು ‘ಆರು ಗಂಟೆಯ ಹಕ್ಕಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಇತಿಹಾಸ

ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಕ್ರಮಬದ್ಧ ಸಮೀಕ್ಷೆಯನ್ನು ನಡೆಸಿದವರು ಸಲೀಂ ಅಲಿ. 1939–40ರಲ್ಲಿ ಅವರು ಸಂಸ್ಥಾನದಾದ್ಯಂತ ಸಂಚರಿಸಿ ಸಂಗ್ರಹಿಸಿದ ಮಾಹಿತಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯ ಫಲ. 1941ರಲ್ಲಿ ಹೊರಬಂದ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹಲವು ತಲೆಮಾರುಗಳ ವೀಕ್ಷಕರ ಕೈಪಿಡಿಯಾಯಿತು.

ಹವ್ಯಾಸವು ಸಂಘಟಿತ ರೂಪ ಪಡೆದದ್ದು 1970ರ ದಶಕದಲ್ಲಿ. ಜೋಸೆಫ್ ಜಾರ್ಜ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಕೂಟ ಆರಂಭವಾಯಿತು. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರಿ ಹೊಸಬರಿಗೆ ಹಕ್ಕಿಗಳನ್ನು ಪರಿಚಯಿಸುವ ಪರಿಪಾಠ ಆ ಕೂಟದಿಂದ ಬಂದದ್ದು. ದೂರದ ಕಾಡಿಗಿಂತ ಮನೆಯ ಹತ್ತಿರದ ಉದ್ಯಾನವನ್ನೇ ಪಾಠಶಾಲೆಯಾಗಿಸಿದ ಕ್ರಮ ಇದು.

ಕನ್ನಡ ಓದುಗರಿಗೆ ಹಕ್ಕಿಗಳ ಲೋಕವನ್ನು ತೆರೆದವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತಮ್ಮ ತೋಟ ಮತ್ತು ಸುತ್ತಲಿನ ಕಾಡಿನ ಅನುಭವದಿಂದ ಅವರು ಬರೆದ ‘ಕನ್ನಡ ನಾಡಿನ ಹಕ್ಕಿಗಳು’ ಮೊದಲಾದ ಪುಸ್ತಕಗಳು ಚಿತ್ರಗಳೊಂದಿಗೆ ಕನ್ನಡ ಹೆಸರುಗಳನ್ನೂ ಬಳಕೆಗೆ ತಂದವು. ಆದರೂ ಹೆಸರುಗಳ ವಿಷಯದಲ್ಲಿ ಏಕರೂಪತೆ ಇನ್ನೂ ಬಂದಿಲ್ಲ. ಒಂದೇ ಹಕ್ಕಿಗೆ ಮಲೆನಾಡಿನಲ್ಲಿ ಒಂದು, ಬಯಲುಸೀಮೆಯಲ್ಲಿ ಇನ್ನೊಂದು, ಕರಾವಳಿಯಲ್ಲಿ ಮತ್ತೊಂದು ಹೆಸರಿದೆ. ಜೇನುನೊಣ ಹಿಡಿಯುವ ಹಸಿರು ಹಕ್ಕಿಯನ್ನು ಕಳ್ಳಿಪೀರ ಎನ್ನುವವರೂ ಇದ್ದಾರೆ, ಪತ್ರಂಗಿ ಎನ್ನುವವರೂ ಇದ್ದಾರೆ. ಇದನ್ನು ಕೊರತೆಯೆಂದು ಭಾವಿಸಿ ಹಳ್ಳಿಯ ಹೆಸರುಗಳನ್ನು ಬಿಟ್ಟುಕೊಡುವ ಅಗತ್ಯವಿಲ್ಲ.

ಪ್ರಮುಖ ಸ್ಥಳಗಳು

ವಸಂತದಲ್ಲಿ ನೋಡಲು ಹೆಸರಾದ ತಾಣವೇ ಬೇಕೆಂದಿಲ್ಲವಾದರೂ ಕೆಲವು ಸ್ಥಳಗಳು ತಮ್ಮ ವಿಶೇಷದಿಂದ ಗಮನಾರ್ಹವಾಗಿವೆ.

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ ತಂಪಾದ ನೆರಳುಗಾಡು ಇದೆ. ಇಳಿಜಾರಿನಲ್ಲಿ ಬಂಡೆ ಮತ್ತು ಕುರುಚಲು. ಹೀಗಾಗಿ ಪಶ್ಚಿಮ ಘಟ್ಟದಲ್ಲಿ ಕಾಣುವ ನೀಲಗಿರಿ ಕಾಡುಪಾರಿವಾಳವೂ ದಖ್ಖನದ ಬಂಡೆಗುಡ್ಡಗಳಿಗೆ ಸೀಮಿತವಾದ ಹಳದಿಗೊರಳಿನ ಪಿಕಳಾರವೂ ಒಂದೇ ಬೆಟ್ಟದಲ್ಲಿ ಸಿಗುತ್ತವೆ. ಹಂಪಿಯ ಸಮೀಪದ ದರೋಜಿ ಕರಡಿಧಾಮವು ಕುರುಚಲು ಕಾಡಿನ ಹಕ್ಕಿಗಳಿಗೆ ಹೆಸರುವಾಸಿ. ಬಂಡೀಪುರ, ನಾಗರಹೊಳೆ ಮತ್ತು ಬಿಳಿಗಿರಿರಂಗನ ಬೆಟ್ಟಗಳಲ್ಲಿ ಎಲೆಯುದುರಿದ ಕಾಡಿನ ಮರಕುಟಿಗಗಳನ್ನು ನೋಡಲು ಮಾರ್ಚ್ ತಿಂಗಳು ಒಳ್ಳೆಯದು. ಬೆಂಕಿಯ ಭಯದಿಂದ ಬೇಸಿಗೆಯಲ್ಲಿ ಚಾರಣವನ್ನು ನಿರ್ಬಂಧಿಸುವುದುಂಟಾದ್ದರಿಂದ ಮೊದಲೇ ವಿಚಾರಿಸಿ ಹೊರಡಬೇಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಕಾಡಲ್ಲ, ಊರು. ಅಲ್ಲಿನ ಹುಣಸೆ ಮತ್ತು ಆಲದ ಜಾತಿಯ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ವಸಂತದಲ್ಲಿ ಮರಿಗಳು ಬಲಿಯುತ್ತಿರುತ್ತವೆ. ಹಕ್ಕಿಗಳು ಬಂದರೆ ಊರಿಗೆ ಶುಭವೆಂದು ನಂಬುವ ಗ್ರಾಮಸ್ಥರು ತಲೆಮಾರುಗಳಿಂದ ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಕೊಡಗಿನ ದೇವರಕಾಡುಗಳೂ ಇದೇ ಬಗೆಯ ಜನಸಂರಕ್ಷಣೆಯ ಫಲ. ಕಾಫಿ ತೋಟಗಳ ನಡುವೆ ಉಳಿದ ಹಳೆಯ ಮರಗಳ ಆ ತುಂಡುಗಳು ಪೊಟರೆ ಹಕ್ಕಿಗಳಿಗೆ ಆಸರೆ.

ವೀಕ್ಷಣೆಯ ಕ್ರಮ

ಬೆಳಿಗ್ಗೆ ಆರರಿಂದ ಒಂಬತ್ತು ಗಂಟೆಯವರೆಗಿನ ಹೊತ್ತು ಪ್ರಶಸ್ತ. ಬಿಸಿಲೇರಿದ ಮೇಲೆ ಹೆಚ್ಚಿನ ಹಕ್ಕಿಗಳು ನೆರಳು ಸೇರುತ್ತವೆ, ಮತ್ತೆ ಸಂಜೆ ನಾಲ್ಕೂವರೆಯ ನಂತರ ಚಟುವಟಿಕೆ ಆರಂಭವಾಗುತ್ತದೆ. ಮಂದ ಬಣ್ಣದ ಉಡುಪು, ಟೋಪಿ, ಕುಡಿಯುವ ನೀರು, ಟಿಪ್ಪಣಿ ಪುಸ್ತಕ ಇಷ್ಟಿದ್ದರೆ ಸಾಕು. ಬೈನಾಕ್ಯುಲರ್ ಇದ್ದರೆ ಅನುಕೂಲ. 8×42 ಎಂದು ಗುರುತಿಸಿದ್ದರೆ ಅದು ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ವ್ಯಾಸ 42 ಮಿಲಿಮೀಟರ್ ಎಂದರ್ಥ. ಹೆಚ್ಚು ಹಿಗ್ಗಿಸುವ ಸಾಧನ ಕೈನಡುಕವನ್ನೂ ಹಿಗ್ಗಿಸುವುದರಿಂದ ಆರಂಭಿಕರಿಗೆ ಎಂಟು ಪಟ್ಟಿನದೇ ಯೋಗ್ಯ. ಕೂಗನ್ನು ಕೇಳಿ ಹಕ್ಕಿಯ ಹೆಸರು ಸೂಚಿಸುವ ಮರ್ಲಿನ್‌ನಂಥ ಮೊಬೈಲ್ ಆ್ಯಪ್‌ಗಳು ಈಗ ಉಚಿತವಾಗಿ ದೊರೆಯುತ್ತವೆ. ಅವು ಕೊಡುವ ಉತ್ತರವನ್ನು ಸುಳಿವೆಂದು ಪರಿಗಣಿಸಿ ಕಣ್ಣಿನಿಂದ ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ.

ನಡವಳಿಕೆ ಮತ್ತು ಕಾನೂನು

ವಸಂತದ ವೀಕ್ಷಣೆಯು ಹಕ್ಕಿಗಳ ಬದುಕಿನ ಅತ್ಯಂತ ಸೂಕ್ಷ್ಮ ಘಟ್ಟದಲ್ಲಿ ನಡೆಯುತ್ತದೆ. ಗೂಡಿನ ಹತ್ತಿರ ಜನರು ನಿಂತಷ್ಟೂ ಹೊತ್ತು ತಾಯಿಹಕ್ಕಿ ದೂರದಲ್ಲಿ ಕಾಯುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಮರಿ ಹಸಿಯುತ್ತದೆ. ಮನುಷ್ಯರ ಓಡಾಟವನ್ನು ಗಮನಿಸಿ ಕಾಗೆ, ಕೆಂಬೂತಗಳು ಗೂಡನ್ನು ಪತ್ತೆಹಚ್ಚಿ ಮರಿಗಳನ್ನು ಕದಿಯುವ ಸಾಧ್ಯತೆಯೂ ಇದೆ. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆ, ಕೊಂಬೆಗಳನ್ನು ಸರಿಸುವುದು ಗೂಡಿನ ಮರೆಯನ್ನೇ ಕಿತ್ತಂತೆ.

ಧ್ವನಿಮುದ್ರಿತ ಕೂಗನ್ನು ಕೇಳಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವ ಅಭ್ಯಾಸ ಈ ದಿನಗಳಲ್ಲಿ ಹೆಚ್ಚಾಗಿದೆ. ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡು ಬಂದಿತೆಂದು ತಿಳಿದು ಹಕ್ಕಿ ತಿನ್ನುವುದನ್ನೂ ಉಣಿಸುವುದನ್ನೂ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಇತರ ಋತುಗಳಲ್ಲಿ ಇದರಿಂದಾಗುವ ಹಾನಿಯ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಸಂತಾನ ಕಾಲದಲ್ಲಿ ಇದನ್ನು ಪೂರ್ತಿ ಕೈಬಿಡುವುದು ಉಚಿತ. ಗೂಡಿರುವ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸದಿರುವುದೂ ಅನುಭವಿಗಳ ನಡುವೆ ನಿಯಮದಂತೆ ಪಾಲನೆಯಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬ ಪದದ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ.

ಆತಂಕಗಳು

ಕಾಡಿನ ಬೆಂಕಿ ಬೀಳುವುದು ಗೂಡಿನ ಕಾಲದಲ್ಲಿಯೇ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿಗೆ ಸಾವಿರಾರು ಎಕರೆ ಕಾಡು ಸುಟ್ಟಿತು. ಹಾರಬಲ್ಲ ಹಕ್ಕಿಗಳು ಪಾರಾಗುತ್ತವೆ. ನೆಲದಲ್ಲಿ ಮತ್ತು ಕುರುಚಲಿನಲ್ಲಿರುವ ಮೊಟ್ಟೆ, ಮರಿಗಳಿಗೆ ಆ ಅವಕಾಶವಿಲ್ಲ.

ಇದಕ್ಕಿಂತ ಮೆಲ್ಲಗೆ, ಸುದ್ದಿಯಾಗದೆ ನಡೆಯುವ ನಷ್ಟವೆಂದರೆ ಕುರುಚಲು ಕಾಡು ಮತ್ತು ಕಾವಲುಗಳದು. ದೊಡ್ಡ ಮರಗಳಿಲ್ಲದ ಇಂಥ ಭೂಮಿಯನ್ನು ಪಾಳುಭೂಮಿಯೆಂದು ಬಗೆದು ನೀಲಗಿರಿ, ಅಕೇಶಿಯಾಗಳನ್ನು ನೆಡುವ ಕ್ರಮ ದೀರ್ಘಕಾಲ ನಡೆದುಬಂತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಮರ ಹೆಚ್ಚಿದಷ್ಟೂ ಹಕ್ಕಿ ಹೆಚ್ಚುತ್ತದೆಯೆಂಬ ಗ್ರಹಿಕೆ ಸರಿಯಲ್ಲ. ಬಯಲನ್ನು ಬಯಸುವ ನೆಲಗುಬ್ಬಿ, ಟಿಟ್ಟಿಭ, ಗೌಜಲುಗಳಿಗೆ ಸಾಲುಮರದ ನೆಡುತೋಪು ಕಾಡಲ್ಲ.

ದಾಖಲಾತಿ

ಹವ್ಯಾಸಿಗಳ ಟಿಪ್ಪಣಿಗಳು ವಿಜ್ಞಾನಕ್ಕೆ ಒದಗಿದ ಬಗೆ ಈ ಕ್ಷೇತ್ರದ ಮಹತ್ವದ ಬೆಳವಣಿಗೆ. ವಲಸೆ ಹಕ್ಕಿಗಳು ಬಂದ ಮತ್ತು ಹೋದ ದಿನಗಳನ್ನು ಸಾರ್ವಜನಿಕರಿಂದ ಸಂಗ್ರಹಿಸುವ ‘ಮೈಗ್ರಂಟ್‌ವಾಚ್’ ಎಂಬ ಯೋಜನೆ 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆರಂಭವಾಯಿತು. ಮುಂದೆ ಈ ಕೆಲಸವನ್ನು ‘ಇಬರ್ಡ್’ ಜಾಲತಾಣ ವಹಿಸಿಕೊಂಡಿತು. ಇಲ್ಲಿ ಯಾರು ಬೇಕಾದರೂ ತಾವು ಹದಿನೈದು ನಿಮಿಷದಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು ಸ್ಥಳ, ಸಮಯಗಳೊಂದಿಗೆ ಸೇರಿಸಬಹುದು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ನಲ್ಲಿ ಕರ್ನಾಟಕದ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳೂ ಭಾಗವಹಿಸುತ್ತಾರೆ. ಮೇ ತಿಂಗಳಲ್ಲಿ ವಿಶ್ವದಾದ್ಯಂತ ಒಂದು ದಿನದ ಎಣಿಕೆ ನಡೆಯುತ್ತದೆ.

ಇಂಥ ಪಟ್ಟಿಗಳಲ್ಲಿ ಅಪರೂಪದ ಹಕ್ಕಿಗಿಂತ ಸಾಮಾನ್ಯ ಹಕ್ಕಿಯ ಎಣಿಕೆ ಹೆಚ್ಚು ಉಪಯುಕ್ತ. ಮೂವತ್ತು ಸಾವಿರಕ್ಕೂ ಹೆಚ್ಚು ವೀಕ್ಷಕರ ದಾಖಲೆಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಿದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023’ ವರದಿಯು ಕೋಗಿಲೆ ಮತ್ತು ನವಿಲುಗಳ ಸಂಖ್ಯೆ ಏರುತ್ತಿದೆಯೆಂದು ತೋರಿಸಿತು. ಅದೇ ವರದಿಯು ಇಳಿಮುಖವಾಗಿರುವ ಹಕ್ಕಿಗಳ ಸಾಲಿನಲ್ಲಿ ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವನ್ನು ಹೆಸರಿಸಿ, ಅದರ ಜಾಗತಿಕ ಸ್ಥಿತಿಯನ್ನು ಮರುಪರಿಶೀಲಿಸುವಂತೆ ಸೂಚಿಸಿದ 14 ಜಾತಿಗಳಲ್ಲಿ ಒಂದಾಗಿ ಸೇರಿಸಿತು.

ನೀಲಕಂಠ ದಟ್ಟ ಕಾಡಿನ ಹಕ್ಕಿಯಲ್ಲ. ಹೊಲದ ಬದುವಿನ ಒಂಟಿ ಮರ, ವಿದ್ಯುತ್ ತಂತಿ, ತೆರೆದ ಕುರುಚಲು ಇದರ ನೆಲೆ; ಮಿಡತೆ ಮೊದಲಾದ ಕೀಟಗಳು ಇದರ ಆಹಾರ. ಮಾರ್ಚ್‌ನಿಂದ ಜೂನ್‌ವರೆಗೆ ಮರದ ಪೊಟರೆಯಲ್ಲಿ, ಕೆಲವೊಮ್ಮೆ ತಲೆ ಮುರಿದ ತೆಂಗು ಅಥವಾ ಈಚಲಿನ ಟೊಳ್ಳಿನಲ್ಲಿ ಮೊಟ್ಟೆಯಿಡುತ್ತದೆ. ಈ ದಿನಗಳಲ್ಲಿ ಗಂಡು ಕರ್ಕಶವಾಗಿ ಕೂಗುತ್ತ ಮೇಲೇರಿ, ರೆಕ್ಕೆಯ ಎರಡು ಬಗೆಯ ನೀಲಿಯನ್ನು ಹೊಳೆಯಿಸುತ್ತ ಆಕಾಶದಲ್ಲಿ ಉರುಳುರುಳಿ ಕೆಳಗಿಳಿಯುತ್ತದೆ. ಊರಿನ ಹೊರಗೆ ಎಲ್ಲಿ ಈ ಆಟ ಕಾಣುತ್ತದೆಯೋ ಅಲ್ಲಿ ಹತ್ತಿರದಲ್ಲಿ ಒಂದು ಹಳೆಯ ಮರ ಉಳಿದಿದೆಯೆಂದು ಊಹಿಸಬಹುದು.